ಎರಡನೆಯ ಭಾಗಕ್ಕೆ ದನಿ ಕೊಟ್ಟವರು

ಕಳೆದ ತಿಂಗಳು ನಿವೃತ್ತರಾದ ನಮ್ಮ ಶಾಲೆಯ ಗಣಿತ ಶಿಕ್ಷಕಿಯ ಕುರಿತು ಎರಡು ಪುಟ ಬರೆದುಕೊಡಬೇಕೆಂದು ಹಳೆಯ ವಿದ್ಯಾರ್ಥಿಗಳು ಕೇಳಿದ್ದಾರೆ. ಬೀಳ್ಕೊಡುಗೆಯ ದಿನ ವೇದಿಕೆಯ ಮೇಲೆ ಐದು ಮಂದಿ ಅವರ ಬಗ್ಗೆ ಮಾತನಾಡಿದರು. ಐವರೂ ಹೇಳಿದ್ದು ಒಂದೇ: ಮಕ್ಕಳಿಗೆ ಬೊಂಬೆ ಸಿನಿಮಾ ತೋರಿಸಿ ನಗಿಸುತ್ತಿದ್ದ ತಾಯಿಯಂಥವರು. ಕೇಳುತ್ತ ಕುಳಿತಿದ್ದ ನನಗೆ ಮೈ ಉರಿಯಿತು. ಒಬ್ಬ ಹೆಂಗಸನ್ನು ತಾಯಿಯಂಥವಳು ಎಂದು ಕರೆದುಬಿಟ್ಟರೆ, ಆಕೆ ಏನನ್ನು ಯೋಚಿಸಿದಳು, ಯಾವುದನ್ನು ಒಪ್ಪಲಿಲ್ಲ, ಎಲ್ಲಿ ಎಡವಿದಳು ಎಂದು ವಿಚಾರಿಸುವ ಶ್ರಮ ಯಾರಿಗೂ ಉಳಿಯುವುದಿಲ್ಲ. ನಾನು ಹನ್ನೊಂದು ವರ್ಷ ಅವರೊಡನೆ ಜಗಳವಾಡಿದ್ದೇನೆ. ಅವರ ಮೇಲಿನ ನನ್ನ ಕೋಪ ಇನ್ನೂ ಆರಿಲ್ಲ. ಅವರಿಗೆ ನಾನು ಸಲ್ಲಿಸಬಹುದಾದ ಮರ್ಯಾದೆ ಆ ಕೋಪವನ್ನು ಮುಚ್ಚಿಡದೆ ಬರೆಯುವುದೇ ಎಂದು ತಿಳಿದಿದ್ದೇನೆ.

ಅವರ ಹೆಸರನ್ನು ಬರೆಯುವುದಿಲ್ಲ. ಬರೆಯಲು ಒಪ್ಪಿಗೆ ಕೇಳಿದಾಗ ಅವರು ಹಾಕಿದ ಷರತ್ತು ಅದೊಂದೇ.

"ನನ್ ಎಸ್ರು ಬುಟ್ಬುಡಿ ಮೇಷ್ಟ್ರೇ. ಮಾಡಿದ್ನ ಮಾತ್ರ ಬುಡ್ಬ್ಯಾಡಿ."

ನಮ್ಮದು ಹರವೆಯ ಆಸುಪಾಸಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಅವರು ಪ್ರತಿದಿನ ಗುಂಡ್ಲುಪೇಟೆಯಿಂದ ಬಸ್ಸಿನಲ್ಲಿ ಬರುತ್ತಿದ್ದರು, ನಾನು ಚಾಮರಾಜನಗರದಿಂದ. ಎರಡು ಬಸ್ಸುಗಳೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಬಂದು ಎದುರುಬದುರು ನಿಲ್ಲುತ್ತಿದ್ದವು. ಇಳಿದವರೇ ಅವರು ರಸ್ತೆಯ ಆ ಬದಿಯಿಂದ ಕೂಗುತ್ತಿದ್ದರು: "ಏನ್ ವಿರೋಧಪಕ್ಷ, ಇವತ್ತೇನ್ ವಿಷ್ಯ?" ನಾನು ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಲ್ಲಿ ಬೆಳೆದವನು. ವಿಷಯವನ್ನು ಮಂಡಿಸುವುದು, ಎದುರಾಳಿಯ ಮಾತನ್ನು ಖಂಡಿಸುವುದು, ಕೊನೆಯ ಎರಡು ನಿಮಿಷದಲ್ಲಿ ಎಲ್ಲವನ್ನೂ ಒಟ್ಟುಗೂಡಿಸುವುದು ನನಗೆ ಉಸಿರಾಟದಷ್ಟು ರೂಢಿಯಾಗಿತ್ತು. ಅವರಿಗೆ ಇದು ಮೊದಲ ವಾರದಲ್ಲೇ ಗೊತ್ತಾಗಿ ಆ ಹೆಸರಿಟ್ಟರು. ಮಕ್ಕಳೂ ನನ್ನ ಬೆನ್ನ ಹಿಂದೆ ಅದನ್ನೇ ಬಳಸುತ್ತಿದ್ದರು.

ಶನಿವಾರ ಬೆಳಗಿನ ತರಗತಿ ಮುಗಿದ ಮೇಲೆ ಅವರ ಸಿನಿಮಾ. ಯಾರೋ ಪುಣ್ಯಾತ್ಮರು ಕೊಟ್ಟ ಒಂದು ಪ್ರೊಜೆಕ್ಟರು, ಏಳನೇ ತರಗತಿಯ ಕೋಣೆಯ ಸುಣ್ಣ ಬಳಿದ ಗೋಡೆ, ಕಿಟಕಿಗಳಿಗೆ ಅಕ್ಕಿಮೂಟೆಯ ಚೀಲ. ಎಲ್ಲವೂ ಹೊರದೇಶದ ಕಾರ್ಟೂನ್ ಚಿತ್ರಗಳು, ಅಪ್ಪ ಅಮ್ಮ ಮಕ್ಕಳು ಕೂತು ನೋಡುವಂಥವು. ಅವರು ಮೊದಲು ಮಾಡುತ್ತಿದ್ದ ಕೆಲಸವೆಂದರೆ ಧ್ವನಿಯನ್ನು ಸೊನ್ನೆಗೆ ಇಳಿಸುವುದು. ಆಮೇಲೆ ಸೆರಗನ್ನು ಸೊಂಟಕ್ಕೆ ಬಿಗಿದು ಗೋಡೆಯ ಪಕ್ಕ ನಿಂತು, ಚಿತ್ರದ ಎಲ್ಲ ಪಾತ್ರಗಳ ಮಾತನ್ನೂ ತಾವೇ ಆಡುತ್ತಿದ್ದರು. ಒಂದು ಚಿತ್ರವನ್ನು ಮನೆಯಲ್ಲಿ ಮೂರು ಸಲ ನೋಡಿ, ಯಾರು ಎಲ್ಲಿ ಬಾಯಿ ತೆರೆಯುತ್ತಾರೆಂಬುದನ್ನು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಂಡು ಬರುವರು. ಅಪ್ಪ ಕರಡಿ ಹರವೆಯ ಗದ್ದೆಯಿಂದ ಈಗಷ್ಟೇ ಎದ್ದು ಬಂದವನಂತೆ ಮಾತನಾಡುತ್ತಿತ್ತು. ಕಳ್ಳನರಿಗೆ ಗುಂಡ್ಲುಪೇಟೆಯಲ್ಲಿ ಚೆಂಡುಹೂವು ಕೊಳ್ಳಲು ಬರುವ ದಲ್ಲಾಳಿಯ ತಮಿಳು ಬೆರೆತ ಕನ್ನಡ. ಮೋಡದ ಮೇಲಿನ ರಾಣಿಗೆ ಮಾತ್ರ ನಮ್ಮ ಶಿಕ್ಷಣಾಧಿಕಾರಿಯೊಬ್ಬರ ದನಿ ಬರುತ್ತಿತ್ತು. ಆಗ ಮುಖ್ಯೋಪಾಧ್ಯಾಯರು ಬಾಗಿಲಲ್ಲಿ ನಿಂತು ಬಾಯಿಗೆ ಕರವಸ್ತ್ರ ಒತ್ತಿಕೊಳ್ಳುತ್ತಿದ್ದರು.

ಈಗೀಗ ಕನ್ನಡಕ್ಕೆ ಡಬ್ಬಿಂಗ್ ಆದ ಚಿತ್ರಗಳೂ ಸಿಗುತ್ತವೆ. ಒಂದನ್ನು ನಾನೇ ತಂದುಕೊಟ್ಟೆ. ಹತ್ತು ನಿಮಿಷ ಕೇಳಿ ಅವರು ಧ್ವನಿಯನ್ನು ಇಳಿಸಿಬಿಟ್ಟರು.

"ಇದ್ಯಾರ ಮನೆ ಕನ್ನಡ ಮೇಷ್ಟ್ರೇ? ಇಲಿ ಮರಿ 'ನನ್ನನ್ನು ಕ್ಷಮಿಸಿಬಿಡು ಗೆಳೆಯಾ' ಅಂತದೆ. ನಮ್ಮಟ್ಟೀಲಿ ಯಾವ್ ಇಲಿ ಇಂಗ್ ಮಾತಾಡ್ತದೆ?"

ನಮ್ಮ ಜಗಳದ ಮೂಲ ವಿಷಯ ಎರಡನೆಯ ಭಾಗ. ಒಂದು ಚಿತ್ರ ಗೆದ್ದರೆ ಅದಕ್ಕೆ ಎರಡನೆಯದು, ಮೂರನೆಯದು ಬರುತ್ತದಲ್ಲ, ಅದು. ನನ್ನ ನಿಲುವು ಸ್ಪಷ್ಟವಾಗಿತ್ತು. ಮೊದಲನೆಯ ಚಿತ್ರ ಯಾರೋ ಒಬ್ಬ ಕಲಾವಿದನ ಒಳಗಿನಿಂದ ಬಂದದ್ದು. ಎರಡನೆಯದು ಮೊದಲನೆಯದರ ಹೆಸರನ್ನು ಇಟ್ಟುಕೊಂಡು ತೆರೆದ ಅಂಗಡಿ. ಮುಗಿದ ಕಥೆಯನ್ನು ಮುಗಿಯಿತು ಎಂದು ಒಪ್ಪಿಕೊಳ್ಳುವುದನ್ನು ಮಕ್ಕಳಿಗೆ ಕಲಿಸಬೇಕು. ಅವರ ನಿಲುವು ಇದಕ್ಕೆ ನೇರ ವಿರುದ್ಧ.

"ಒಂದ್ ಮಗೀನಾದ್ರೂ ಕತೆ ಮುಗೀತು ಅಂದಾಗ ಸರಿ ಅಂತ ಎದ್ದು ಓಗದ ನೋಡಿದ್ದೀರಾ ನೀವು? 'ಆಮೇಲೆ?' ಅನ್ನದಿರ ಮಗ ಎಲ್ಲವ್ನೆ, ತೋರ್ಸಿ. ನೀವೇ ಸಣ್ಣೋರಾಗಿದ್ದಾಗ ಕೇಳಿರ್ತೀರಿ."

ಒಮ್ಮೆ ನಾನು ಈ ವಿಷಯವನ್ನೇ ಏಳನೇ ತರಗತಿಯಲ್ಲಿ ಚರ್ಚೆಗಿಟ್ಟೆ. ಪರ ಎಂಟು ಮಂದಿ, ವಿರೋಧ ಎಂಟು ಮಂದಿ. ವಿರೋಧದವರಿಗೆ ನಾನೇ ವಾದಗಳನ್ನು ಬರೆದುಕೊಟ್ಟಿದ್ದೆ. ಅವರು ಒಪ್ಪಿಸಿದ್ದೂ ಚೆನ್ನಾಗಿಯೇ ಇತ್ತು. ಆಗ ಪರದ ಕಡೆಯ ಹುಡುಗನೊಬ್ಬ ಎದ್ದು, "ಏಳ್ನೇ ಕ್ಲಾಸ್ ಆದ್ಮೇಲೆ ಎಂಟು ಬರಾಕಿಲ್ವ ಸಾ? ಏಳೇ ಚೆಂದಾಗಿತ್ತು ಅಂತ ಇಲ್ಲೇ ಕುಂತ್ಕೊಂಡ್ರೆ ಬುಟ್ಟೀರಾ?" ಎಂದ. ಇಡೀ ಕೋಣೆ ಕುಣಿಯಿತು. ಹಿಂದಿನ ಬೆಂಚಿನಲ್ಲಿ ಕೂತಿದ್ದ ಮೇಡಂ ಮೇಜು ಬಡಿದು ನಕ್ಕರು. ತೀರ್ಪುಗಾರನಾಗಿದ್ದ ನಾನು ನಿಯಮದಂತೆ ಪರದವರಿಗೇ ಬಹುಮಾನ ಕೊಡಬೇಕಾಯಿತು.

ಇದು ಹೀಗೆ ನಗೆಯಲ್ಲೇ ಸಾಗಬಹುದಾಗಿದ್ದ ಭಿನ್ನಾಭಿಪ್ರಾಯ. ಸಾಗಲಿಲ್ಲ.

ಆ ವರ್ಷ ಅವರು ನೀರುನಾಯಿಗಳ ಸಂಸಾರದ ಕಥೆಯೊಂದನ್ನು ತೋರಿಸಿದರು. ಅಪ್ಪ, ಅವ್ವ, ಒಂದು ಹೆಣ್ಣುಮರಿ. ಹೊಳೆಗೆ ಪ್ರವಾಹ ಬರುತ್ತದೆ. ಅವ್ವ ಮರಿಯನ್ನು ತೇಲುವ ದಿಮ್ಮಿಯ ಮೇಲೆ ದೂಡಿ ತಾನು ಕೊಚ್ಚಿಹೋಗುತ್ತಾಳೆ. ಉಳಿದ ಕಥೆಯೆಲ್ಲ ಅಪ್ಪ ಮತ್ತು ಮರಿ ಅವಳಿಲ್ಲದೆ ಬದುಕಲು ಕಲಿಯುವುದು. ಕೊನೆಯಲ್ಲಿ ಮರಿ ಮೊದಲ ಬಾರಿ ಒಬ್ಬಳೇ ಆಳದ ಮಡುವಿಗೆ ಧುಮುಕುತ್ತಾಳೆ. ಅಷ್ಟೆ. ನಾನು ನೋಡಿದ ಮಕ್ಕಳ ಚಿತ್ರಗಳಲ್ಲಿ ಅದರಷ್ಟು ಪ್ರಾಮಾಣಿಕವಾದದ್ದು ಇನ್ನೊಂದಿಲ್ಲ. ಪ್ರವಾಹದ ದೃಶ್ಯದಲ್ಲಿ ಮೇಡಂ ಒಂದು ಮಾತನ್ನೂ ಆಡಲಿಲ್ಲ. ಶಬ್ದವಿಲ್ಲದ ಗೋಡೆಯ ಮೇಲೆ ನೀರು ಏರುತ್ತ ಹೋಯಿತು. ಎಪ್ಪತ್ತು ಮಕ್ಕಳು ಕೂತಿದ್ದ ಕೋಣೆಯಲ್ಲಿ ಫ್ಯಾನಿನ ಕಿರುಗುಟ್ಟುವ ಸದ್ದು ಕೇಳಿಸುತ್ತಿತ್ತು.

ಆಗ ಆರನೇ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಸಿಂಚನ ಎಂದು ಕರೆಯೋಣ. ನಿಜವಾದ ಹೆಸರು ಬೇರೆ. ಅವಳ ತಾಯಿ ಹಿಂದಿನ ವರ್ಷ ಕಾಯಿಲೆಯಿಂದ ತೀರಿಕೊಂಡಿದ್ದಳು. ತಂದೆ ಅರಿಸಿನದ ಹೊಲಗಳಲ್ಲಿ ಕೂಲಿ ಮಾಡುವವನು, ಬಹಳ ಕಡಿಮೆ ಮಾತಿನವನು. ಮನೆಯಲ್ಲಿ ಅವನ ತಾಯಿ. ಮಗುವನ್ನು ನೋಡಿಕೊಳ್ಳಲೆಂದು ಸತ್ತವಳ ತಂಗಿ ಸಂತೆಮರಹಳ್ಳಿಯ ಕಡೆಯಿಂದ ಬಂದು ಅಲ್ಲೇ ಇದ್ದಳು. ಅವಳನ್ನು ಸೌಮ್ಯ ಎನ್ನೋಣ. ಇಪ್ಪತ್ತು ವರ್ಷ, ಚಾಮರಾಜನಗರದಲ್ಲಿ ಬಿ.ಎ. ಎರಡನೆಯ ವರ್ಷ. ಎಷ್ಟೋ ಬೆಳಿಗ್ಗೆ ನಾನು ಇಳಿದ ಬಸ್ಸು ಮುಂದೆ ಹೋಗಿ ತಿರುಗಿ ಬಂದಾಗ ಅವಳು ಅದಕ್ಕೇ ಹತ್ತಿ ಕಾಲೇಜಿಗೆ ಹೋಗುವಳು. ಶನಿವಾರ ಬಿಡುವಿದ್ದರೆ ಸಿಂಚನಳನ್ನು ಕರೆದೊಯ್ಯಲು ಬಂದವಳು ಹಿಂದಿನ ಗೋಡೆಗೆ ಒರಗಿ ಸಿನಿಮಾ ನೋಡುವಳು. ಮೇಡಂ ಮಾಡುವ ತಮಾಷೆಗೆ ಎಲ್ಲರಿಗಿಂತ ಗಟ್ಟಿಯಾಗಿ ನಗುತ್ತಿದ್ದವಳು ಅವಳೇ.

ತಾಯಿ ಸತ್ತಾಗ ಅಳದಿದ್ದ ಸಿಂಚನ ಆ ನೀರುನಾಯಿಯ ಚಿತ್ರ ಮುಗಿದ ಮೇಲೆ ಅತ್ತಳು. ಅಳು ನಿಂತ ಮೇಲೆ ಮೇಡಂಗೆ ಅಂಟಿಕೊಂಡು ತನ್ನ ಅವ್ವನ ಬಗ್ಗೆ ಒಂದು ಗಂಟೆ ಮಾತನಾಡಿದಳು. ಆದರೆ ತಾಯಿ ಸತ್ತಂದಿನಿಂದ ಮನೆಯಲ್ಲಿ ಹಿಡಿದಿದ್ದ ಹಟ ಹಾಗೆಯೇ ಉಳಿಯಿತು. ಸೌಮ್ಯ ಬಡಿಸಿದರೆ ಉಣ್ಣುವುದಿಲ್ಲ, ತಲೆ ಬಾಚಲು ಬಂದರೆ ಬಾಚಣಿಗೆ ಎಸೆಯುತ್ತಾಳೆ. ಏಕೆಂದರೆ ಅಜ್ಜಿ ಅವಳ ಕಿವಿಯಲ್ಲಿ ಒಂದು ಮಾತು ಹಾಕಿದ್ದಳು: ಚಿಕ್ಕವ್ವನೇ ನಿಂಗಿನ್ನು ಅವ್ವ. ಭಾವನಿಗೇ ಸೌಮ್ಯಳನ್ನು ಕೊಡುವ ಮಾತು ಎರಡು ಮನೆಗಳ ಹಿರಿಯರ ನಡುವೆ ಆಗಲೇ ಓಡಾಡುತ್ತಿತ್ತು. ನಮ್ಮ ಕಡೆ ಇದು ಹೊಸದೇನಲ್ಲ. ಅಕ್ಕ ಸತ್ತರೆ ಆ ಮನೆಗೇ ತಂಗಿಯನ್ನು ಮದುವೆ ಮಾಡಿ ತುಂಬಿಸಿಕೊಳ್ಳುತ್ತಾರೆ, ಮಗುವಿಗೆ ಬೇರೆ ಮನೆಯವಳು ಬರಬಾರದು ಎನ್ನುತ್ತಾರೆ. ತಂಗಿಯನ್ನು ಕೇಳಬೇಕೆಂದು ಯಾರಿಗೂ ಹೊಳೆಯುವುದಿಲ್ಲ. ಸೌಮ್ಯ ಮದುವೆ ಬೇಡವೆಂದು ಬಾಯಿಬಿಟ್ಟು ಹೇಳಿರಲಿಲ್ಲ. ಹೇಳುವ ಅಗತ್ಯವನ್ನು ಮಗುವಿನ ಹಟವೇ ತಪ್ಪಿಸಿತ್ತು. ಮಗು ಒಪ್ಪುವವರೆಗೆ ಕಾಯೋಣ ಎಂದು ಹಿರಿಯರು ಸುಮ್ಮನಿದ್ದರು. ಇದೆಲ್ಲ ನನಗೆ ಆಗ ಗೊತ್ತಿರಲಿಲ್ಲ. ಗೊತ್ತುಮಾಡಿಕೊಳ್ಳಲಿಲ್ಲ ಎಂದು ಬರೆಯುವುದು ಹೆಚ್ಚು ಸರಿ.

ಅಷ್ಟರಲ್ಲಿ ನೀರುನಾಯಿಯ ಎರಡನೆಯ ಭಾಗ ಬಂತು. ನಾನು ಮೊದಲೇ ನೋಡಿ ಉರಿದುಹೋದೆ. ಕೊಚ್ಚಿಹೋದ ಅವ್ವ ಸತ್ತಿರಲಿಲ್ಲವಂತೆ. ನೆನಪು ತಪ್ಪಿ ಬೇರೊಂದು ಹೊಳೆಯಲ್ಲಿ ಇದ್ದಳಂತೆ. ವಾಪಸು ಬರುತ್ತಾಳೆ, ಎಲ್ಲರೂ ಕುಣಿಯುತ್ತಾರೆ. ಸ್ಟಾಫ್ ರೂಮಿನಲ್ಲಿ ನಾನು ಎದ್ದು ನಿಂತೇ ಮಾತನಾಡಿದೆ. ಮೊದಲನೆಯ ಭಾಗ ಮಕ್ಕಳಿಗೆ ಸಾವನ್ನು ಎದುರಿಸಲು ಕಲಿಸಿತು, ಎರಡನೆಯದು ಅದನ್ನು ಟಿಕೆಟ್ಟಿಗೋಸ್ಕರ ವಾಪಸು ಪಡೆಯಿತು. ತಾಯಿ ಸತ್ತ ಮಗುವೊಂದು ನಮ್ಮ ಶಾಲೆಯಲ್ಲೇ ಇದೆ. ನನ್ನವ್ವ ಯಾವಾಗ ಬರುತ್ತಾಳೆ ಎಂದು ಅದು ಕೇಳಿದರೆ ನಿಮ್ಮಲ್ಲಿ ಉತ್ತರವಿದೆಯೇ?

ಮೇಡಂ ಚಾಕ್‌ಪೀಸಿನ ಪುಡಿ ಮೆತ್ತಿದ ಬೆರಳುಗಳನ್ನು ನೋಡಿಕೊಳ್ಳುತ್ತ ಕೇಳಿಸಿಕೊಂಡರು. "ಮಕ್ಳು ದಿನಾ ಕೇಳ್ತಾವೆ ಮೇಷ್ಟ್ರೇ, ಪಾರ್ಟ್ ಟೂ ಯಾವಾಗ ಅಂತ. ತೋರ್ಸಕಿಲ್ಲ ಅಂದ್ರೆ ಯಾಕೆ ಅಂತವೆ. ಏನ್ ಯೋಳನ?"

"ಅದು ಸುಳ್ಳು ಅಂತ ಹೇಳಿ."

"ನೀರುನಾಯಿ ಮಾತಾಡದು ಸುಳ್ಳಲ್ವ?" ಎಂದು ಕೇಳಿ ಎದ್ದು ಹೋದರು. ವಾದದಲ್ಲಿ ಗೆದ್ದೆನೆಂದು ನಾನು ಭಾವಿಸಿದೆ.

ಮುಂದಿನ ಶನಿವಾರ ನನಗೆ ಚಾಮರಾಜನಗರದಲ್ಲಿ ತರಬೇತಿ ಇತ್ತು. ಆ ದಿನ ಅವರು ಎರಡನೆಯ ಭಾಗವನ್ನು ತೋರಿಸಿದರು.

ಸೋಮವಾರ ಬಸ್ಸು ಇಳಿಯುವ ಹೊತ್ತಿಗೇ ಸಿಂಚನ ಓಡಿಬಂದಳು. ಅವಳ ಮುಖ ಅಷ್ಟು ಬೆಳಗಿದ್ದನ್ನು ನಾನು ಕಂಡಿರಲಿಲ್ಲ.

"ಸಾ, ನೀವ್ ಬರ್ನಿಲ್ಲ! ನೀರುನಾಯಿ ಅವ್ವನ ತಂಗಿ ಬಂದ್ಲು ಸಾ. ಅವರವ್ವನ್ ತರಾನೇ ಅವ್ಳೆ. ಕಿವೀಲಿ ಮಚ್ಚೆನೂ ಅದೆ. ಮರಿ ಮೊದ್ಲು ಮಾತಾಡ್ಸಕಿಲ್ಲ, ಆಮೇಲೆ ಓಡೋಗಿ ತಬ್ಕತದೆ."

ನನಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಚಿತ್ರದಲ್ಲಿ ತಂಗಿ ಎಂಬ ಪಾತ್ರವೇ ಇಲ್ಲ. ಅರ್ಥವಾದಾಗ ರಸ್ತೆಯ ಮಧ್ಯದಲ್ಲೇ ನಿಂತುಬಿಟ್ಟೆ. ಧ್ವನಿ ಸೊನ್ನೆಯಲ್ಲಿತ್ತು. ಗೋಡೆಯ ಮೇಲೆ ತಾಯಿ ವಾಪಸು ಬಂದಿದ್ದಳು. ಮೇಡಂ ತಮ್ಮ ಬಾಯಿಂದ ಅವಳನ್ನು ಚಿಕ್ಕಮ್ಮನನ್ನಾಗಿ ಮಾಡಿದ್ದರು. ಯಾರೋ ಹುಡುಗಿ, "ಮಿಸ್, ಇವ್ಳಿಗೂ ಅದೇ ಮಚ್ಚೆ ಅದಲ್ಲ?" ಎಂದು ಕೇಳಿದ್ದಳಂತೆ. "ಅಕ್ಕ ತಂಗೀರ್ಗೆ ಒಂದೇ ತರ ಮಚ್ಚೆ ಇರಾಕಿಲ್ವ?" ಎಂದು ಉತ್ತರ ಕೊಟ್ಟಿದ್ದರಂತೆ.

ಆ ಸಂಜೆ ಚಾಮರಾಜನಗರದ ಬಸ್‌ಸ್ಟ್ಯಾಂಡಿನಲ್ಲಿ ಸೌಮ್ಯ ನನ್ನ ಎದುರಿಗೆ ಬಂದು ನಿಂತಳು. ಕೈಯಲ್ಲಿ ಪುಸ್ತಕಗಳಿದ್ದವು.

"ಸಾ, ಶನಿವಾರ ನಾನೂ ಅಲ್ಲಿದ್ದೆ. ಮೇಡಂ ಇವ್ಳು ಅವರವ್ವನ ತಂಗಿ ಅಂದ ತಕ್ಷಣ ಒಂದ್ ಮಗು ತಿರುಗಿ ನನ್ನ ನೋಡ್ತು. ಅದ್ ನೋಡಿ ಇನ್ನೊಂದು. ಎಲ್ಲಾವು ನೋಡಿದ್ವು ಸಾ. ಅಷ್ಟೊತ್ತಿಗೆ ಸಿಂಚನ ಎದ್ದು ಓಡ್ಬಂದು ನನ್ನ ಮಡ್ಲಲ್ಲಿ ಕುಂತ್ಕತು. ಒಂದ್ ವರ್ಷದಿಂದ ನನ್ನ ಮುಟ್ಟಿರ್ನಿಲ್ಲ ಅದು. ಈಗ ಮನೇಲಿ ಎಲ್ಲಾ, ಮಗು ಒಪ್ತಲ್ಲ, ಇನ್ನೇನು ಅಂತಾವ್ರೆ." ಪುಸ್ತಕಗಳನ್ನು ಇನ್ನೊಂದು ಕೈಗೆ ಬದಲಿಸಿಕೊಂಡು ಹೇಳಿದಳು: "ನಾನು ಅಕ್ಕನ ಪಾರ್ಟ್ ಟೂ ಆಗ್ಬುಟ್ಟೆ ಸಾ."

ಮಂಗಳವಾರ ಬೆಳಿಗ್ಗೆ ಸ್ಟಾಫ್ ರೂಮಿನ ಬಾಗಿಲು ಹಾಕಿ ನಾನು ಮೇಡಂ ಮೇಲೆ ಕೂಗಾಡಿದೆ. ವಯಸ್ಸಿನಲ್ಲಿ ಅವರು ನನಗಿಂತ ಇಪ್ಪತ್ತು ವರ್ಷ ದೊಡ್ಡವರು ಎಂಬುದನ್ನು ಮರೆತೆ. ಒಂದು ಕಲಾಕೃತಿಯನ್ನು ತಿರುಚಿದಿರಿ; ಮಕ್ಕಳ ನಂಬಿಕೆಯನ್ನು ದುರುಪಯೋಗಪಡಿಸಿಕೊಂಡಿರಿ; ಹೋಗಲಿ, ಇಪ್ಪತ್ತು ವರ್ಷದ ಒಬ್ಬ ಹುಡುಗಿಯನ್ನು ಒಂದು ಗೋಡೆಯ ಮುಂದೆ ನಿಲ್ಲಿಸಿ ಎಪ್ಪತ್ತು ಮಕ್ಕಳ ಸಾಕ್ಷಿಯಲ್ಲಿ ಮದುವೆ ಮಾಡಿಸಿದಿರಿ.

"ನಾನ್ ಮದ್ವೆ ವಿಷ್ಯ ತಲೇಲೇ ಇಟ್ಕಂಡಿರ್ನಿಲ್ಲ," ಎಂದರು ಅವರು. ಅವರ ದನಿ ಏರಿತ್ತು. "ಮಗು ಉಣ್ತಾ ಇರ್ನಿಲ್ಲ ಮೇಷ್ಟ್ರೇ. ಕಡ್ಡಿ ಆಗಿತ್ತು. ಅವ್ವ ವಾಪಸ್ ಬಂದ್ಲು ಅಂತ ತೋರ್ಸಿದ್ರೆ ಅದರ ಎದೆ ಒಡೀತಿತ್ತು. ನೀವೇ ಯೋಳಿದ್ದು ಅದ. ನಿಮ್ಮ ಮಾತ್ನೇ ಕೇಳಿ ನಾನು ಬದ್ಲಾಯ್ಸಿದ್ದು! ಮಗೀಗೆ ಚಿಕ್ಕವ್ವನ ಕೈಲಿ ಒಂದ್ ತುತ್ತು ಉಣ್ಣು ಅನ್ನನ ಅಂತ ಯೋಳ್ದೆ. ಇನ್ನೇನು ಮಾಡ್ಬೇಕಾಗಿತ್ತು?"

"ಆ ಹುಡುಗಿ ಹಿಂದೆ ಕೂತಿದ್ದಳು ಅನ್ನುವುದು ಕಾಣಲಿಲ್ಲವೇ?"

ಮೂವತ್ತು ವರ್ಷ ಪ್ರತಿ ಬೆಂಚಿನ ಪ್ರತಿ ಮಗುವಿನ ಮುಖ ಓದಿದ ಹೆಂಗಸು, ಹಿಂದಿನ ಗೋಡೆಗೆ ಒರಗಿ ಕೂತಿದ್ದ ಒಬ್ಬಳನ್ನು ನೋಡಿರಲಿಲ್ಲ. ಸೌಮ್ಯ ಅವರ ಕಣ್ಣಿಗೆ ಮಗುವನ್ನು ಕರೆದೊಯ್ಯಲು ಬಂದವಳು. ಅಷ್ಟೇ ಆಗಿದ್ದಳು. ನನ್ನ ಕಣ್ಣಿಗೂ ಅಷ್ಟೇ. ನಾನು ಸ್ಟಾಫ್ ರೂಮಿನಲ್ಲಿ ತಾಯಿ ಸತ್ತ ಮಗುವಿನ ಪರವಾಗಿ ಅಷ್ಟೊಂದು ಮಾತನಾಡಿದೆನಲ್ಲ, ಅದರಲ್ಲಿ ಒಂದು ವಾಕ್ಯವೂ ಅಕ್ಕ ಸತ್ತವಳ ಬಗ್ಗೆ ಇರಲಿಲ್ಲ.

ಮಧ್ಯಾಹ್ನ ಇಬ್ಬರೂ ಸೌಮ್ಯಳನ್ನು ಶಾಲೆಗೆ ಕರೆಸಿದೆವು. ಅವಳ ಎದುರಿಗೂ ನಮ್ಮ ವಾದ ನಿಲ್ಲಲಿಲ್ಲ. ಚಿತ್ರವನ್ನು ನಿಜವಾದ ಧ್ವನಿಯೊಡನೆ ಮತ್ತೆ ತೋರಿಸಿ ತಪ್ಪೊಪ್ಪಿಕೊಳ್ಳಬೇಕೆಂದು ನಾನು. ಹಾಗೆ ಮಾಡಿದರೆ ಮಗು ಮತ್ತೆ ಕುಸಿಯುತ್ತದೆಂದು ಅವರು. ಸೌಮ್ಯ ಒಬ್ಬರಾದ ಮೇಲೆ ಒಬ್ಬರ ಮುಖ ನೋಡುತ್ತ ಕೂತಿದ್ದಳು.

"ನಿಮ್ಮ ಡಿಬೇಟು ಮುಗೀತಾ?" ಎಂದಳು. "ಬಂದಾಗ್ಲಿಂದ ಇಬ್ರೂ ಮಾತಾಡ್ತಾನೇ ಇದ್ದೀರಿ. ನಿಂಗೇನ್ ಬೇಕಮ್ಮಿ ಅಂತ ಒಬ್ರಾದ್ರೂ ಕೇಳಿದ್ರಾ?"

ನಾವು ಕೇಳಿದೆವು. ಅವಳಿಗೆ ಮದುವೆ ಬೇಡ. ಬಿ.ಎ. ಮುಗಿಸಬೇಕು, ಬಿ.ಎಡ್. ಮಾಡಬೇಕು. ಮಗುವನ್ನು ಬಿಡುವುದಿಲ್ಲ, ನೋಡಿಕೊಳ್ಳುತ್ತಾಳೆ, ಆದರೆ ಚಿಕ್ಕಮ್ಮನಾಗಿಯೇ. ಭಾವ ಒಳ್ಳೆಯವನೇ, ಅವನನ್ನು ಅಣ್ಣನ ಹಾಗೆ ನೋಡಿಕೊಂಡು ಬೆಳೆದವಳು ತಾನು. ಇಷ್ಟು ಹೇಳಲು ಅವಳಿಗೆ ಎರಡು ನಿಮಿಷ ಸಾಕಾಯಿತು.

ಅಂದೇ ಸಂಜೆ ಮೇಡಂ ಗುಂಡ್ಲುಪೇಟೆಯ ಬಸ್ಸು ಬಿಟ್ಟು ಸಿಂಚನಳ ಮನೆಗೆ ಹೊರಟರು. ನಾನೂ ಹೋದೆ. ಜಗಲಿಯ ಮೇಲೆ ಅಜ್ಜಿ ಅವರೆಕಾಯಿ ಬಿಡಿಸುತ್ತಿದ್ದಳು. ಸೌಮ್ಯಳ ತಂದೆ ಸಂತೆಮರಹಳ್ಳಿ ಕಡೆಯಿಂದ ಬಂದು ಕೂತಿದ್ದ. ಮಾತು ಮುಗಿಸಲೆಂದೇ ಬಂದಿದ್ದನೆಂದು ಕಂಡಿತು. ಮೇಡಂ ಚಪ್ಪಲಿ ಬಿಟ್ಟವರೇ ನೇರವಾಗಿ ಹೇಳಿದರು.

"ಅಜ್ಜಿ, ಶನಿವಾರ ನಾನು ಮಕ್ಕಳಿಗೆ ಸುಳ್ ಯೋಳ್ದೆ. ಆ ಪಿಚ್ಚರ್ನಲ್ಲಿ ತಂಗಿ ಇಲ್ಲ. ನಾನೇ ಸೇರ್ಸಿದ್ದು. ಅದ ಇಟ್ಕಂಡು ಈ ಮದ್ವೆ ಮಾಡ್ಬ್ಯಾಡಿ. ಉಡ್ಗಿಗ ಇಷ್ಟ ಇಲ್ಲ, ಓದ್ತಾಳೆ ಅವ್ಳು."

ಅಜ್ಜಿ ನಕ್ಕಳು. ಕೆಟ್ಟ ನಗೆಯೂ ಅಲ್ಲ ಅದು. "ಬೊಂಬೆ ಪಿಚ್ಚರ್ನ ಯಾರು ಲೆಕ್ಕಕ್ ಇಟ್ಟವ್ರೆ ಬುಡಿ ಮೇಡಮ್ಮೋರೆ. ನೀವ್ ಏನ್ ಯೋಳಿದ್ರೋ ಏನೋ, ಮಗ ಒಂದ್ ವರ್ಷದ್ ಮೇಲೆ ಒಟ್ಟೆ ತುಂಬ ಉಂಡದೆ. ದೇವ್ರಂಗೆ ಬಂದು ದಾರಿ ಮಾಡಿಕೊಟ್ರಿ. ಈಗ ಬಂದು ಬ್ಯಾಡ ಅಂದ್ರೆ?"

ಸೌಮ್ಯಳ ತಂದೆ ಇಷ್ಟೇ ಹೇಳಿದ: "ಓದ್ಸಕಿಲ್ಲ ಅಂತ ಯಾರಂದ್ರು? ಮದ್ವೆ ಆದ್ಮೇಲೂ ಓದ್ಲಿ."

ಮೇಡಂ ಅಲ್ಲಿ ಒಂದೂವರೆ ಗಂಟೆ ಕೂತು ವಾದಿಸಿದರು. ಬೇಡಿಕೊಂಡರು. ನಾನು ಕಾನೂನು, ವಯಸ್ಸು, ಒಪ್ಪಿಗೆ ಎಂದೆಲ್ಲ ಹೇಳಿದೆ. ಅಜ್ಜಿ ನನಗೆ ಕಾಫಿ ಕೊಟ್ಟಳು. ಮಗುವಿನ ತಂದೆ ಕಂಬಕ್ಕೆ ಒರಗಿ ನಿಂತಿದ್ದವನು ಕೊನೆಯವರೆಗೆ ತಲೆ ಎತ್ತಲಿಲ್ಲ. ನಿನಗೇನನ್ನಿಸುತ್ತದೆ ಎಂದು ಮೇಡಂ ಅವನನ್ನು ಕೇಳಿದಾಗ, "ದೊಡ್ಡೋರು ಯೋಳ್ದಂಗೆ" ಎಂದ. ಒಳಗಿನಿಂದ ಸಿಂಚನಳ ನಗು ಕೇಳಿಸುತ್ತಿತ್ತು. ಸೌಮ್ಯ ಅವಳಿಗೆ ಜಡೆ ಹಾಕುತ್ತಿದ್ದಳು. ಹೊರಗೆ ಬಂದು 'ಒಲ್ಲೆ' ಎಂದು ಹೇಳಲು ಅವಳು ಆ ಜಡೆಯನ್ನು ಕೈಬಿಡಬೇಕಾಗಿತ್ತು. ಬಿಡಲಿಲ್ಲ.

ಆಷಾಢಕ್ಕೆ ಮೊದಲೇ ಮದುವೆ ಆಗಿಹೋಯಿತು. ಸೌಮ್ಯಳ ಕಾಲೇಜು ಆ ವರ್ಷಕ್ಕೇ ನಿಂತಿತು.

ನಾನು ಆಮೇಲೆ ಒಂದು ವರ್ಷ ಮೇಡಂ ಜೊತೆ ಮಾತು ಬಿಟ್ಟೆ. ಬಸ್ಸುಗಳು ಎದುರುಬದುರು ನಿಂತಾಗಲೂ ನನ್ನನ್ನು ಯಾರೂ ಕೂಗಲಿಲ್ಲ. ಶನಿವಾರದ ಸಿನಿಮಾ ನಿಲ್ಲಲಿಲ್ಲ. ಆದರೆ ಅವರು ಗೋಡೆಯ ಪಕ್ಕ ನಿಲ್ಲುವುದನ್ನು ಬಿಟ್ಟರು. ಧ್ವನಿ ಏರಿಸಿ, ಇಲಿಮರಿ 'ಕ್ಷಮಿಸಿಬಿಡು ಗೆಳೆಯಾ' ಎನ್ನುವಾಗ ಕಿಟಕಿಯ ಕಡೆ ಮುಖ ಮಾಡಿ ಕೂತಿರುತ್ತಿದ್ದರು. ಮಕ್ಕಳು ಗೋಗರೆದರು. "ಗಂಟ್ಲು ಕೆಟ್ಟೋಗದೆ ಕಣ್ರಲಾ" ಎಂದರು. ಗಣಿತ ಪಾಠದಲ್ಲಿ ಮಾತ್ರ ಆ ಗಂಟಲು ಮೊದಲಿನಂತೆಯೇ ಇತ್ತು. ಇದು ಕೂಡ ನನಗೆ ಸಿಟ್ಟು ತಂದಿತು. ತಪ್ಪು ಮಾಡಿದ್ದು ಒಂದು ಮಾತಿನಲ್ಲಿ. ಶಿಕ್ಷೆಯನ್ನು ಮಕ್ಕಳ ಭಾಷೆಗೆಲ್ಲ ಏಕೆ ಕೊಡಬೇಕು? ಹೀಗೆಂದು ಹೇಳಲು ಮಾತು ಬಿಟ್ಟವನಿಗೆ ದಾರಿ ಇರಲಿಲ್ಲ.

ಇಷ್ಟು ಬರೆದ ಮೇಲೆ ಇದನ್ನೂ ಬರೆಯಬೇಕು. ಮದುವೆಯಾದ ಎರಡನೆಯ ವರ್ಷ ಅವರು ಸೌಮ್ಯಳಿಗೆ ಪರೀಕ್ಷೆ ಕಟ್ಟಿಸಿದರು. ಅವಳ ಒಂದೊಂದು ಪರೀಕ್ಷೆಯ ದಿನವೂ ರಜೆ ಹಾಕಿ, ಗುಂಡ್ಲುಪೇಟೆಯಿಂದ ಮೊದಲ ಬಸ್ಸಿಗೆ ಬಂದು, ಆ ಮನೆಯ ಒಲೆಯ ಮುಂದೆ ಕೂತರು. ಮುದ್ದೆ ತಿರುವಿ, ಸಿಂಚನಳ ಜಡೆ ಹಾಕಿ, ಅಜ್ಜಿಯ ಗೊಣಗಾಟ ಕೇಳಿ ಸಂಜೆ ಹೋಗುತ್ತಿದ್ದರು. ಊರಿನವರು ಎಂಥ ದೊಡ್ಡ ಗುಣ ಎಂದರು. ಮುಖ್ಯೋಪಾಧ್ಯಾಯರೂ ಸಭೆಯಲ್ಲಿ ಹಾಗೆಯೇ ಹೇಳಿದಾಗ ಮೇಡಂ ಎದ್ದು ನಿಂತು, "ಗುಣ ಅಲ್ಲ ಸಾ, ತಪ್ಪು ಮಾಡಿದ್ದೀನಿ," ಎಂದು ಕೂತರು. ಅದನ್ನು ವಿನಯವೆಂದು ತಿಳಿದು ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ತಟ್ಟಲಿಲ್ಲ. ಅಂದು ಸಂಜೆ ಅವರು ರಸ್ತೆಯ ಆ ಬದಿಯಿಂದ ನನ್ನನ್ನು ನೋಡಿ ತಲೆ ಆಡಿಸಿದರು. ಮಾತು ಮತ್ತೆ ಶುರುವಾಯಿತು.

ಸೌಮ್ಯ ಬಿ.ಎ. ಮುಗಿಸಿದಳು. ಬಿ.ಎಡ್. ಆಗಲಿಲ್ಲ. ಅಷ್ಟರಲ್ಲಿ ಅವಳಿಗೆ ಒಂದು ಗಂಡುಮಗುವಾಗಿತ್ತು. ಫಲಿತಾಂಶ ತಿಳಿಸಲು ಶಾಲೆಗೆ ಬಂದಾಗ ಅವಳು ಮೇಡಂಗೆ ಥ್ಯಾಂಕ್ಸ್ ಹೇಳಲಿಲ್ಲ. ಅಂಕಗಳನ್ನು ಹೇಳಿದಳು, ನೀರು ಕುಡಿದಳು, ಹೋದಳು. ಕೃತಜ್ಞತೆಯೇ ಇಲ್ಲ ಎಂದು ಸಹೋದ್ಯೋಗಿಯೊಬ್ಬರು ಶುರುಮಾಡಿದರು. ಮೇಡಂ ಅವರ ಮಾತನ್ನು ಅರ್ಧಕ್ಕೆ ಕತ್ತರಿಸಿದರು: "ಅವ್ಳು ಸರಿಯಾಗವ್ಳೆ. ನೀವ್ ಸುಮ್ನೆ ಕುತ್ಕಳಿ."

ಹೋದ ವರ್ಷ ಒಂದು ಶುಕ್ರವಾರ ಸಿಂಚನ ಶಾಲೆಗೆ ಬಂದಳು. ಈಗ ಹೈಸ್ಕೂಲು, ಎತ್ತರಕ್ಕೆ ಬೆಳೆದಿದ್ದಾಳೆ. ಸ್ಟಾಫ್ ರೂಮಿನಲ್ಲಿ ನಾವಿಬ್ಬರೇ ಇದ್ದೆವು, ಎಂದಿನಂತೆ ಯಾವುದೋ ಚಿತ್ರದ ಮೂರನೆಯ ಭಾಗದ ಬಗ್ಗೆ ಕಚ್ಚಾಡುತ್ತ. ಅವಳು ಬಾಗಿಲಲ್ಲೇ ನಿಂತಳು.

"ಮಿಸ್, ಫೋನಲ್ಲಿ ನೀರುನಾಯಿ ಪಾರ್ಟ್ ಟೂ ನೋಡ್ದೆ. ಸೌಂಡ್ ಇಟ್ಕಂಡು."

ಮೇಡಂ ಕೈಯಲ್ಲಿದ್ದ ಕೆಂಪು ಪೆನ್ನನ್ನು ಕೆಳಗಿಟ್ಟರು.

"ಅದು ಅವ್ವನೇ ಅಲ್ವ ಮಿಸ್?"

"ಊಂ ಕಣಮ್ಮಿ. ಅವ್ವನೇ."

ಅವಳು ನಮ್ಮ ಮೇಲೆ ಕೂಗುತ್ತಾಳೆಂದು ನಾನು ಕಾದೆ. ಕೂಗಲೆಂದು ಬಯಸಿದೆ ಕೂಡ. ಅವಳು ಕೂಗಲಿಲ್ಲ, ಬಾಗಿಲ ಚೌಕಟ್ಟನ್ನು ಉಗುರಿನಿಂದ ಕೆರೆಯುತ್ತ ನಿಂತಳು.

"ನಾನ್ ಅವತ್ತು ಚಿಕ್ಕವ್ವನ ಮಡ್ಲಿಗೆ ಓಡೋಗ್ದೆ ಇದ್ದಿದ್ರೆ, ಅವ್ಳು ಓದ್ಕಂಡು ಟೀಚರ್ ಆಗೋಳು. ನಿನ್ನೆ ಅಡ್ಗೆಮನೇಲಿ ಒಬ್ಳೇ ಅಳ್ತಾ ಇದ್ಲು ಮಿಸ್. ನನ್ನಿಂದ ತಾನೇ ಅವ್ಳಿಗೆ ಇಂಗಾಗಿದ್ದು?"

ನನ್ನ ಜೀವಮಾನದಲ್ಲಿ ನನಗೆ ಅಷ್ಟು ಕೋಪ ಬಂದದ್ದಿಲ್ಲ. ಒಂದು ಮದುವೆಯನ್ನು ಜಗಲಿಯ ಮೇಲೆ ಕೂತು ನಿಶ್ಚಯಿಸಿದವರೆಲ್ಲ ಊರಿನಲ್ಲಿ ನೆಮ್ಮದಿಯಾಗಿ ಉಂಡು ಮಲಗುತ್ತಿದ್ದಾರೆ. ತಲೆ ಎತ್ತದೆ ನಿಂತವನು ನಿಂತೇ ಇದ್ದಾನೆ. ತಪ್ಪಿನ ಭಾರ ಹೊತ್ತು ಓಡಾಡುತ್ತಿರುವವರು ಯಾರೆಂದರೆ, ನಿವೃತ್ತಿಯ ಅಂಚಿನಲ್ಲಿರುವ ಒಬ್ಬ ಟೀಚರು, ಮತ್ತು ಹನ್ನೊಂದನೆಯ ವಯಸ್ಸಿನಲ್ಲಿ ಒಂದು ಮಡಿಲಿಗೆ ಓಡಿದ ಈ ಹುಡುಗಿ. ನಾನು ಇದನ್ನೆಲ್ಲ ಹೇಳಲು ಬಾಯಿ ತೆರೆದೆ. ವಾಕ್ಯಗಳು ಸಿದ್ಧವಾಗಿದ್ದವು. ಮೇಡಂ ಕೈ ಎತ್ತಿ ನನ್ನನ್ನು ತಡೆದರು.

ಅವರು ಎದ್ದು ಬಾಗಿಲಿಗೆ ಹೋದರು. ಈಗ ಅವಳು ಅವರಿಗಿಂತ ಎತ್ತರ. ಅವಳ ಗಲ್ಲವನ್ನು ಹಿಡಿದು ತಮ್ಮ ಕಡೆ ತಿರುಗಿಸಿಕೊಂಡರು. ದನಿಯಲ್ಲಿ ಸಮಾಧಾನ ಇರಲಿಲ್ಲ. ತರಗತಿಯಲ್ಲಿ ತಪ್ಪು ಲೆಕ್ಕ ಮಾಡಿದವರನ್ನು ಗದರುವ ದನಿ ಅದು.

"ನೋಡಮ್ಮಿ, ಸರಿಯಾಗಿ ಕೇಳ್ಸ್ಕೊ. ನೀನು ಮಗು. ಓಡೋದೆ. ಮಕ್ಳು ಓಡೋದೇ ಅಂಗೆ. ತಪ್ಪು ಮಾಡಿದ್ದು ನಾನು. ನನ್ ತಪ್ಪಲ್ಲಿ ನಿಂಗೆ ಪಾಲ್ ಕೊಡಾಕಿಲ್ಲ ನಾನು. ತಿಳೀತಾ? ಒಂದ್ ಚೂರೂ ಕೊಡಾಕಿಲ್ಲ."